ಲಕ್ವ ಹೊಡೆದ ಮೂರನೇ ದಿನ ಜ್ವರ: ಮೊದಲೇ ಆಂಟಿಬಯಾಟಿಕ್ ಕೊಟ್ಟಿದ್ದರೆ ತಪ್ಪುತ್ತಿತ್ತೇ?

ಪ್ರಶ್ನೆ
ರೋಗಿಗೆ 68 ವರ್ಷ, ಮೆದುಳಿನ ರಕ್ತನಾಳ ಕಟ್ಟಿಕೊಂಡು ಬಲಭಾಗ ಬಿದ್ದಿದೆ. ದಾಖಲಾದಾಗ ಎದೆಯ ಎಕ್ಸ್‌ರೇ ಸರಿಯಿತ್ತು. ಮೂರನೇ ದಿನ 101 ಡಿಗ್ರಿ ಜ್ವರ, ಗಂಟಲಲ್ಲಿ ಗೊರಗೊರ. ಪೆಟ್ಟು ಮೆದುಳಿಗೆ, ನ್ಯುಮೋನಿಯಾ ಹೇಗೆ? ಮೂತ್ರದ ಪೈಪ್ ಕೂಡ ಇದೆ, ಮೂತ್ರ ಸ್ವಲ್ಪ ಕದಡಿದಂತಿದೆ.

ಉತ್ತರ 1 (ನರರೋಗ ವಿಭಾಗ)
ಎರಡು ಕಾರಣ ಕೂಡಿ ಬರುತ್ತವೆ. ಒಂದು, ನುಂಗುವ ಶಕ್ತಿ ಕುಗ್ಗಿ ಎಂಜಲು, ನೀರು ಶ್ವಾಸನಾಳಕ್ಕೆ ಇಳಿಯುವುದು. ಇನ್ನೊಂದು ಕಣ್ಣಿಗೆ ಕಾಣದ್ದು. ಮೆದುಳಿಗೆ ಪೆಟ್ಟಾದ ಗಂಟೆಗಳಲ್ಲೇ, ಒತ್ತಡದಲ್ಲಿ ದೇಹವನ್ನು ಎಚ್ಚರಿಸುವ ಸಿಂಪಥೆಟಿಕ್ ನರಗಳಿಂದ ನಾರ್‌ಅಡ್ರಿನಲಿನ್, ಅಡ್ರಿನಲ್ ಗ್ರಂಥಿಯಿಂದ ಕಾರ್ಟಿಸಾಲ್ ಹೆಚ್ಚುತ್ತವೆ. ಇದರಿಂದ ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳಲ್ಲಿ ಲಿಂಫೋಸೈಟ್‌ಗಳು ಕಡಿಮೆಯಾಗುತ್ತವೆ, ಮೊನೊಸೈಟ್‌ಗಳು ಮಂಕಾಗುತ್ತವೆ. ಆರೋಗ್ಯವಂತರ ಶ್ವಾಸಕೋಶ ನಿಭಾಯಿಸಿಬಿಡುವಷ್ಟು ಎಂಜಲೇ ಇವರಿಗೆ ನ್ಯುಮೋನಿಯಾ ತರಬಲ್ಲದು. ರಕ್ತಪರೀಕ್ಷೆಯಲ್ಲಿ ಬಿಳಿ ಕಣಗಳ ಒಟ್ಟು ಸಂಖ್ಯೆ ಜಾಸ್ತಿ ಎಂದು ಮೋಸಹೋಗಬೇಡಿ. ಏರಿದ್ದು ನ್ಯೂಟ್ರೋಫಿಲ್ ಎಂಬ ಇನ್ನೊಂದು ಬಗೆಯ ಬಿಳಿ ಕಣ ಇರಬಹುದು, ಲಿಂಫೋಸೈಟ್ ಎಷ್ಟಿದೆ ನೋಡಿ.

ಮುಂಜಾಗ್ರತೆಯ ಆಂಟಿಬಯಾಟಿಕ್‌ನ್ನು ದೊಡ್ಡ ಮಟ್ಟದಲ್ಲೇ ಪರೀಕ್ಷಿಸಿದ್ದಾರೆ. 2015ರಲ್ಲಿ ಪ್ರಕಟವಾದ ನೆದರ್ಲೆಂಡ್ಸ್‌ನ ಅಧ್ಯಯನದಲ್ಲಿ 2,500ಕ್ಕೂ ಹೆಚ್ಚು ರೋಗಿಗಳಿದ್ದರು. ಅರ್ಧದಷ್ಟು ಜನರಿಗೆ ದಿನಕ್ಕೆ 2 ಗ್ರಾಂ ಸೆಫ್ಟ್ರಿಯಾಕ್ಸೋನ್ ಎಂಬ ಆಂಟಿಬಯಾಟಿಕ್, 4 ದಿನ. ಮೂತ್ರದ ಸೋಂಕು ಕಡಿಮೆಯಾಯಿತು, ನ್ಯುಮೋನಿಯಾ ಕಡಿಮೆಯಾಗಲಿಲ್ಲ, ಮೂರು ತಿಂಗಳ ನಂತರದ ಚೇತರಿಕೆಯೂ ಬದಲಾಗಲಿಲ್ಲ. ಹಾಗಾಗಿ ಮೊದಲೇ ಕೊಡದಿದ್ದದ್ದು ತಪ್ಪಲ್ಲ. ಈಗ ಜ್ವರ, ಗೊರಗೊರ ಎರಡೂ ಇರುವಾಗ ಮಾತು ಬೇರೆ: ಇವತ್ತೇ ಎಕ್ಸ್‌ರೇ, ರಕ್ತಪರೀಕ್ಷೆ ಆಗಿ ಚಿಕಿತ್ಸೆ ಶುರುವಾಗಬೇಕು.

ಉತ್ತರ 2 (ವಾರ್ಡ್ ನರ್ಸಿಂಗ್)
ಬಾಯಿಂದ ಏನಾದರೂ ಕೊಡುತ್ತಿದ್ದೀರಾ? ಮೊದಲು ನಿಲ್ಲಿಸಿ. ನೋಡಲು ಬಂದವರು ಮಲಗಿದ್ದವರ ಬಾಯಿಗೇ ಎರಡು ಚಮಚ ಎಳನೀರು ಬಿಡುವುದು ತೀರಾ ಸಾಮಾನ್ಯ, ಅಪಾಯಕಾರಿ. ಪೂರ್ತಿ ಎಚ್ಚರವಿದ್ದರೆ ಮಾತ್ರ ನೇರ ಕೂರಿಸಿ ನರ್ಸ್ ಅಥವಾ ನುಂಗುವಿಕೆಯ ತಜ್ಞರು ಪರೀಕ್ಷಿಸುತ್ತಾರೆ. ಮೊದಲು ಒಂದೊಂದೇ ಚಮಚ, 5 ಎಂ.ಎಲ್. ನೀರು. ಅದು ಸರಿಹೋದರೆ ಲೋಟದಲ್ಲಿ. ಕೆಮ್ಮು, ನುಂಗಿದ ಮೇಲೆ ನೀರು ತುಂಬಿದಂಥ ಧ್ವನಿ, ಆಕ್ಸಿಜನ್ ಇಳಿಕೆ, ಯಾವುದು ಕಂಡರೂ ಅಲ್ಲಿಗೇ ನಿಲ್ಲಿಸಬೇಕು. ಕೆಮ್ಮಲಿಲ್ಲ ಎಂದಮಾತ್ರಕ್ಕೆ ಧೈರ್ಯ ಬೇಡ, ಕೆಲವರಿಗೆ ಕೆಮ್ಮೇ ಬಾರದೆ ಒಳಗಿಳಿಯುತ್ತದೆ.

ಮೂಗಿನಿಂದ ಹೊಟ್ಟೆಗೆ ಇಳಿಸುವ ರೈಲ್ಸ್ ಟ್ಯೂಬ್ ಹಾಕಿದರೆ ನ್ಯುಮೋನಿಯಾ ಭಯವಿಲ್ಲ ಎನ್ನುವುದೂ ತಪ್ಪು. ಎಂಜಲು ಇಳಿಯುತ್ತಲೇ ಇರುತ್ತದೆ. ಗಂಜಿ ಬಿಡುವಾಗಲೂ, ಆಮೇಲೆ ಅರ್ಧ ಗಂಟೆಯಾದರೂ ತಲೆಭಾಗ 30ರಿಂದ 45 ಡಿಗ್ರಿ ಎತ್ತರಿಸಿಡಿ. ಬಾಯಿಯನ್ನು ಕನಿಷ್ಠ ದಿನಕ್ಕೆರಡು ಸಲ ಮೆತ್ತಗಿನ ಬ್ರಶ್‌ನಲ್ಲಿ ಶುಚಿಮಾಡಿ, ಬಿದ್ದ ಬದಿಯ ಕೆನ್ನೆಯೊಳಗೆ ಉಳಿದ ಅನ್ನದಗುಳು ಮರೆಯದೆ ತೆಗೆಯಿರಿ. ಎರಡು ಗಂಟೆಗೊಮ್ಮೆ ಮಗ್ಗಲು ಬದಲಿಸಿ.

ಉತ್ತರ 3
ಮೂತ್ರ ಕದಡಿದೆ ಎಂಬುದೊಂದೇ ಸೋಂಕಿನ ಗುರುತಲ್ಲ. ಪೈಪ್ ಇದ್ದವರ ಮೂತ್ರದಲ್ಲಿ ದಿನ ಕಳೆದಂತೆ ಬ್ಯಾಕ್ಟೀರಿಯಾ ಸೇರಿಕೊಳ್ಳುವುದು ಮಾಮೂಲು, ಬೇರೆ ಲಕ್ಷಣ ಇಲ್ಲದಿದ್ದರೆ ಔಷಧಿ ಬೇಡ. ಇಲ್ಲಿ ಜ್ವರವಿದೆ, ಆದರೆ ಅದರ ಮೂಲ ಎದೆಯೇ ಇರಬಹುದು, ಎರಡನ್ನೂ ನೋಡಲಿ. ನಿಜವಾದ ಪ್ರಶ್ನೆ, ಪೈಪ್ ಇನ್ನೂ ಏಕಿದೆ ಎಂಬುದು. ಮೂತ್ರ ಕಟ್ಟಿಕೊಂಡಿಲ್ಲದಿದ್ದರೆ ತೆಗೆಸಲು ದಿನಾ ಕೇಳಿ. ಗಂಡಸರಿಗೆ ಹೊರಗಿನಿಂದಲೇ ತೊಡಿಸುವ ಕಾಂಡೋಮ್ ಕ್ಯಾಥೆಟರ್ ಸಾಕಾಗಬಹುದು. ಅಲ್ಲಿಯವರೆಗೆ ಚೀಲ ಮೂತ್ರಕೋಶಕ್ಕಿಂತ ಕೆಳಗಿರಲಿ, ನೆಲಕ್ಕೆ ತಾಗದಿರಲಿ.

ಪ್ರಶ್ನೆ ಕೇಳಿದವರು
ಜ್ವರ ಇಳಿದರೆ ಸಾಕೇ?

ಉತ್ತರ 1
ಸಾಲದು. ಪ್ಯಾರಸಿಟಮಾಲ್‌ನಿಂದಲೂ ಇಳಿಯುತ್ತದೆ. ಉಸಿರಾಟ ನಿಮಿಷಕ್ಕೆ ಎಷ್ಟು ಸಲ ಎಂದು ಎಣಿಸಿ ಬರೆದಿಡಿ, ಆಕ್ಸಿಜನ್ ಮಟ್ಟವನ್ನೂ ಬರೆದಿಡಿ. ವಯಸ್ಸಾದವರಲ್ಲಿ ಕೆಲವೊಮ್ಮೆ ಜ್ವರವೇ ಇರುವುದಿಲ್ಲ, ಮಂಪರು ಅಥವಾ ಗಲಿಬಿಲಿಯಷ್ಟೇ ಕಾಣುತ್ತದೆ. ಅದನ್ನು ನಿದ್ದೆ ಎಂದುಕೊಳ್ಳದೆ ಕೂಡಲೇ ವೈದ್ಯರಿಗೆ ಹೇಳಿ.