ಸಹಾಯ ಬೇಕು: ಕರುಳಿನ ಬ್ಯಾಕ್ಟೀರಿಯಾಗಳನ್ನು ಜೀವಂತವಾಗಿ ಲ್ಯಾಬ್‌ಗೆ ತರುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ನಾನು ಮೈಸೂರಿನಲ್ಲಿ ಮೈಕ್ರೋಬಯಾಲಜಿ ಪಿಎಚ್‌ಡಿ ಮಾಡುತ್ತಿದ್ದೇನೆ. ರಾಗಿ ಮುದ್ದೆಯೇ ಮುಖ್ಯ ಊಟವಾಗಿರುವ ಹಳ್ಳಿಗಳಲ್ಲಿ, ಜನರ ಒಪ್ಪಿಗೆ ಪಡೆದು, ಮಲದ ಸ್ಯಾಂಪಲ್ ಸಂಗ್ರಹಿಸಬೇಕಿದೆ. ಬರೀ ಡಿಎನ್‌ಎ ಸಾಕಾಗಿದ್ದರೆ ಪ್ರಿಸರ್ವೇಟಿವ್ ಟ್ಯೂಬ್‌ಗೆ ಹಾಕಿ ತರಬಹುದಿತ್ತು. ಅದರಲ್ಲಿ ಬ್ಯಾಕ್ಟೀರಿಯಾ ಉಳಿಯುವುದಿಲ್ಲ. ನಮಗೆ ಬೇಕಿರುವುದು ಮತ್ತೆ ಬೆಳೆಸಬಹುದಾದ ಜೀವಂತ ಬ್ಯಾಕ್ಟೀರಿಯಾ.

ದೊಡ್ಡ ತೊಂದರೆ ಗಾಳಿಯದ್ದೇ. ಕರುಳಿನ ಬಹುಪಾಲು ಬ್ಯಾಕ್ಟೀರಿಯಾಗಳಿಗೆ ಆಮ್ಲಜನಕ ಆಗಿಬರುವುದಿಲ್ಲ. ಫೀಕಾಲಿಬ್ಯಾಕ್ಟೀರಿಯಂ ಪ್ರಾಸ್ನಿಟ್ಜಿಯಂತೂ ಗಾಳಿ ತಾಗಿದ ಕೆಲವೇ ನಿಮಿಷಗಳಲ್ಲಿ ಸಾಯುತ್ತದೆ. ನಾರಿನಂಶದಿಂದ ಬ್ಯುಟಿರೇಟ್ ಎಂಬ ಕೊಬ್ಬಿನಾಮ್ಲ ತಯಾರಿಸುವ, ಕರುಳಿನ ಒಳಪದರಕ್ಕೆ ತುಂಬಾ ಬೇಕಾದ ಜೀವಿ ಅದು. ಅದನ್ನೇ ಕಳೆದುಕೊಂಡರೆ ರಾಗಿ ತಿನ್ನುವವರ ಕರುಳಿನ ಬಗ್ಗೆ ಏನು ತಿಳಿದ ಹಾಗಾಯಿತು ಅಲ್ವಾ?

ಸದ್ಯದ ಯೋಚನೆ ಹೀಗಿದೆ. ಗಾಳಿಯಾಡದ ಡಬ್ಬಿಯಲ್ಲಿ ಆಮ್ಲಜನಕ ಹೀರುವ ಪೊಟ್ಟಣದ ಜೊತೆ ಸ್ಯಾಂಪಲ್ ಇಟ್ಟು, ಐಸ್ ಬಾಕ್ಸ್‌ನಲ್ಲಿ ತರುವುದು. ಲ್ಯಾಬ್‌ನ ಆಮ್ಲಜನಕವಿಲ್ಲದ ಅನೇರೋಬಿಕ್ ಚೇಂಬರ್‌ನಲ್ಲಿ ಉಳಿದ ಆಮ್ಲಜನಕವನ್ನು ತಗ್ಗಿಸುವ ಸಿಸ್ಟೀನ್ ಇರುವ ಬಫರ್ ದ್ರಾವಣ ಮತ್ತು ಫ್ರೀಜ್ ಆಗುವಾಗ ಬ್ಯಾಕ್ಟೀರಿಯಾಗಳನ್ನು ಕಾಪಾಡುವ 20% ಗ್ಲಿಸರಾಲ್ ಸೇರಿಸಿ, ಮೈನಸ್ 80 ಡಿಗ್ರಿಯಲ್ಲಿ ಇಡುವುದು. ಕರಗಿಸಿದ್ದನ್ನು ಮತ್ತೆ ಫ್ರೀಜ್ ಮಾಡಿದರೆ ಜಾಸ್ತಿ ಸಾಯುತ್ತವೆ, ಹಾಗಾಗಿ ಒಂದೇ ಸಲಕ್ಕೆ ಬಳಸಿ ಮುಗಿಸಬಹುದಾದ ಸಣ್ಣ ಸಣ್ಣ ವಯಲ್‌ಗಳೇ ಬೇಕು.

ಅನುಭವ ಇರುವವರು ದಯವಿಟ್ಟು ಹೇಳಿ. ಹಳ್ಳಿಯಲ್ಲೇ ಗ್ಲಿಸರಾಲ್ ಬೆರೆಸಿ, ಗಟ್ಟಿ ಇಂಗಾಲದ ಡೈಆಕ್ಸೈಡ್ ಆದ ಡ್ರೈ ಐಸ್‌ನಲ್ಲಿ ತರುವುದು ಮೇಲೋ, ತಂಪಾಗಿ ತಂದು ಲ್ಯಾಬ್‌ನಲ್ಲಿ ಬೆರೆಸುವುದು ಮೇಲೋ? ಗ್ಲಿಸರಾಲ್ ಬದಲು ಟ್ರೆಹಲೋಸ್ ಎಂಬ ಸಕ್ಕರೆ ಬಳಸಿ ನೋಡಿದವರು ಇದ್ದೀರಾ? ಮೈಸೂರು, ಚಾಮರಾಜನಗರ ಕಡೆ ಡ್ರೈ ಐಸ್ ಸ್ವಲ್ಪವೇ ಬೇಕೆಂದರೂ ಕೊಡುವವರು ಯಾರು?

ಇನ್ನೊಂದು ವಿಷಯ. ಎಲ್ಲಾ ವಯಲ್‌ಗಳನ್ನೂ ಒಂದೇ ಫ್ರೀಜರ್‌ನಲ್ಲಿಡಲು ಭಯ. ಕರೆಂಟು ಕೈಕೊಟ್ಟರೆ ಎಲ್ಲವೂ ಹೋಗುತ್ತದೆ. ನಿಮ್ಮ ಲ್ಯಾಬ್‌ನ ಮೈನಸ್ 80 ಫ್ರೀಜರ್‌ನಲ್ಲಿ ಒಂದು ರ‍್ಯಾಕ್ ಜಾಗ ಕೊಡಲು ಆಗುವುದಾದರೆ ಮೆಸೇಜ್ ಮಾಡಿ. ಅನುಮತಿ ಪತ್ರಗಳನ್ನು ನಾನೇ ಮಾಡಿಸುತ್ತೇನೆ.