ಅಣ್ಣನ ಹಳೇ ಆರ್‌ಟಿ ಬೈಕಿನ ಆಸೆ, ಮನೆ ಗುಂಪಿನ ತಕರಾರು

[ಅಣ್ಣ ಒಂದು ಜಾಹೀರಾತು ಮತ್ತು ಕೆಲವು ಫೋಟೊ ಹಂಚಿಕೊಂಡಿದ್ದಾನೆ]

ಅಣ್ಣ: ಬಿಎಂಡಬ್ಲ್ಯೂ ಆರ್1200ಆರ್‌ಟಿ. ದೂರದ ಪ್ರಯಾಣದ ಬೈಕ್, 2006ರದ್ದು. ಓಡಿರುವುದು ಬರೀ 31,000 ಕಿ.ಮೀ. ಎರಡೂ ಕಡೆ ಪೆಟ್ಟಿಗೆ ಇವೆ. ಮುಂದಿನ ಗ್ಲಾಸ್ ಬಟನ್ ಒತ್ತಿದರೆ ಮೇಲೆ ಕೆಳಗೆ ಹೋಗುತ್ತದೆ. ಯಾರೂ ಫೋಟೊ ನೋಡದೆ ಬೇಡ ಅನ್ನಬೇಡಿ.

ಅಕ್ಕ: ಬೇಡ.

ಅಣ್ಣ: ಫೋಟೊ ನೋಡಿದೆಯಾ?

ಅಕ್ಕ: ಇಲ್ಲ. ವರ್ಷ ನೋಡಿದೆ, ಸಾಕು.

ಭಾವ: ನಾನು ನೋಡಿದೆ. ಚೆನ್ನಾಗಿ ತೊಳೆದು ನಿಲ್ಲಿಸಿದ್ದಾರೆ. ಆದರೆ ಇಷ್ಟು ವರ್ಷಕ್ಕೆ 31,000 ಅಂದರೆ ಗಾಡಿ ಓಡಿದ್ದಕ್ಕಿಂತ ನಿಂತಿದ್ದೇ ಜಾಸ್ತಿ ಅಲ್ವಾ?

ಅಣ್ಣ: ಕಡಿಮೆ ಓಡಿದ್ದರೆ ಒಳ್ಳೆಯದೇ ಅಲ್ವಾ ಭಾವ? ಎಂಜಿನ್ ಸವೆದಿರುವುದಿಲ್ಲ.

ಮಾವ: ಎಂಜಿನ್ ಬಗ್ಗೆ ಚಿಂತೆ ಬೇಡ ಕಣಪ್ಪ. ಆ ಬಾಕ್ಸರ್ ಎಂಜಿನ್ ಲಕ್ಷ ಕಿಲೋಮೀಟರ್ ದಾಟಿದರೂ ಗೊಣಗುವುದಿಲ್ಲ. ನಿಂತ ಗಾಡಿಯಲ್ಲಿ ಕೆಡುವುದು ಬೇರೆ ಸಾಮಾನು. ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿಕೊಳ್ಳುತ್ತದೆ, ಒಳಗೆ ತುಕ್ಕು ಹಿಡಿಯುತ್ತದೆ. ಆಯಿಲ್ ಸೀಲ್ ಒಣಗಿ ಗಟ್ಟಿಯಾಗುತ್ತದೆ. ಹಳೇ ಪೆಟ್ರೋಲ್ ಇಂಜೆಕ್ಟರಿನಲ್ಲಿ ಅಂಟಾಗಿ ಕೂರುತ್ತದೆ. ರಬ್ಬರ್ ಪೈಪುಗಳಿಗೆ ಮೀಟರ್ ಎಷ್ಟು ತೋರಿಸುತ್ತಿದೆ ಅಂತ ಗೊತ್ತಿಲ್ಲ, ಅವು ವರ್ಷದ ಲೆಕ್ಕದಲ್ಲೇ ಹಳತಾಗುತ್ತವೆ. ಟೈರಿನ ಪಕ್ಕದ ಫೋಟೊ ಯಾರಾದರೂ ದೊಡ್ಡದು ಮಾಡಿ ನೋಡಿ. ಡಿಒಟಿ ಅಂತ ಬರೆದ ಸಾಲಿನ ಕೊನೆಯ ನಾಲ್ಕು ಅಂಕಿ ಓದಿ.

ತಮ್ಮ: 3514 ಇದೆ ಮಾವ.

ಮಾವ:   2014ರ 35ನೇ ವಾರದ ಟೈರ್ ಅದು. ಮೇಲಿನ ಗೆರೆಗಳು ಆಳವಾಗಿದ್ದು ಹೊಸದರಂತೆ ಕಾಣುತ್ತದೆ. ಮಳೆಯಲ್ಲಿ ಬ್ರೇಕ್ ಹಿಡಿದಾಗ ಗೊತ್ತಾಗುತ್ತದೆ, ರಬ್ಬರ್ ಕಲ್ಲಾಗಿದೆ ಅಂತ.

ಅಣ್ಣ: ಟೈರ್ ಬದಲಿಸಿದರೆ ಆಯಿತು ಮಾವ. ಅದಕ್ಕೆ ಗಾಡಿಯನ್ನೇ ಬಿಡುವುದಾ?

ಮಾವ: ಟೈರಿಗಾಗಿ ಬಿಡು ಅನ್ನಲಿಲ್ಲ. ಟೈರನ್ನೇ ಬದಲಿಸದವರು ಬ್ರೇಕ್ ಆಯಿಲ್ ಬದಲಿಸಿದ್ದಾರಾ ಅಂತ ಕೇಳು ಅಂದೆ. ಎರಡು ವರ್ಷಕ್ಕೊಮ್ಮೆ ಬದಲಿಸಬೇಕು ಅದನ್ನು. ಈ ವರ್ಷದ ಗಾಡಿಯಲ್ಲಿ ಆ ಪ್ರಶ್ನೆಯೇ ಮುಖ್ಯ.

ನಾನು: ಈ ವರ್ಷದ ಗಾಡಿಯಲ್ಲಿ ಅಂದರೆ?

ಮಾವ: ಹೇಳುತ್ತೇನೆ, ಟೈಪ್ ಮಾಡಲು ಟೈಮ್ ಕೊಡಿ.

ಅತ್ತಿಗೆ: ಮಾವ ಟೈಪ್ ಮಾಡುವಷ್ಟರಲ್ಲಿ ನಾನೊಂದು ಕೇಳುತ್ತೇನೆ. ಹಿಂದೆ ಕೂರುವವಳು ನಾನು. ಈ ಗಾಡಿಯಲ್ಲಿ ಏನು ಕೆಟ್ಟರೆ ನಾವು ಬೀಳುತ್ತೇವೆ, ಏನು ಕೆಟ್ಟರೆ ದಾರಿಯಲ್ಲಿ ನಿಲ್ಲುತ್ತೇವೆ, ಏನು ಕೆಟ್ಟರೆ ಬರೀ ದುಡ್ಡು ಹೋಗುತ್ತದೆ? ನೀವೆಲ್ಲ ಮೂರನ್ನೂ ಸೇರಿಸಿ ರಿಸ್ಕ್ ರಿಸ್ಕ್ ಅನ್ನುತ್ತಿದ್ದೀರಿ.

ಅಕ್ಕ: ಇದು ಸರಿಯಾದ ಪ್ರಶ್ನೆ.

ಮಾವ: ಬೀಳುವ ವಿಷಯದಿಂದಲೇ ಶುರು ಮಾಡುತ್ತೇನೆ. 2005ರಲ್ಲಿ ಈ ಮಾಡೆಲ್ ಬಂದಾಗ ಅದರ ಎಬಿಎಸ್, ಅಂದರೆ ಬ್ರೇಕ್ ಹಿಡಿದಾಗ ಚಕ್ರ ಜಾಮ್ ಆಗದಂತೆ ತಡೆಯುವ ವ್ಯವಸ್ಥೆ, ಅದರ ಜೊತೆಗೆ ಒಂದು ಸರ್ವೋ ಇತ್ತು. ಲಿವರ್ ಒತ್ತಿದರೆ ಒಳಗಿನ ಎಲೆಕ್ಟ್ರಿಕ್ ಮೋಟಾರ್ ಪಂಪ್ ತಿರುಗಿ ಬ್ರೇಕ್ ಹಿಡಿಯುತ್ತದೆ. ಇಗ್ನಿಷನ್ ಆನ್ ಮಾಡಿ ಲಿವರ್ ಒತ್ತಿದರೆ ಗುಂಯ್ ಅಂತ ಸದ್ದು ಬರುತ್ತದೆ, ಅದೇ ಗುರುತು. ಲಿವರಿನಿಂದ ಎಬಿಎಸ್ ಯೂನಿಟ್‌ವರೆಗೆ ಒಂದು ಸುತ್ತು ಆಯಿಲ್, ಅಲ್ಲಿಂದ ಚಕ್ರದವರೆಗೆ ಇನ್ನೊಂದು ಸುತ್ತು.  ಆಯಿಲ್ ಬದಲಿಸಲು ಟ್ಯಾಂಕ್ ಎತ್ತಬೇಕು, ಹಾಗಾಗಿ ಎಷ್ಟೋ ಜನ ಸುಮ್ನೆ ಬಿಟ್ಟುಬಿಡುತ್ತಾರೆ. ಸರ್ವೋ ಕೈಕೊಟ್ಟರೆ ಬ್ರೇಕ್ ಪೂರ್ತಿ ಹೋಗುವುದಿಲ್ಲ, ಆದರೆ ಉಳಿಯುವುದು ಬಹಳ ಕಡಿಮೆ. ಲಿವರನ್ನು ಇರುವ ಶಕ್ತಿಯೆಲ್ಲ ಹಾಕಿ ಹಿಚುಕಬೇಕು. ಹತ್ತಿರ 260 ಕಿಲೋ ಗಾಡಿ, ಮೇಲೆ ಇಬ್ಬರು, ಎರಡು ತುಂಬಿದ ಪೆಟ್ಟಿಗೆ. ಯೋಚನೆ ಮಾಡು.

ಅಣ್ಣ: 2007ರಿಂದ ಸರ್ವೋ ತೆಗೆದರು ಅಂತ ನಾನೂ ಓದಿದ್ದೇನೆ. 2006ರ ಕೊನೆಯಲ್ಲಿ ತಯಾರಾದದ್ದು ಹೊಸ ಬ್ರೇಕಿನದೇ ಇರಬಹುದು.

ಮಾವ: ಇರಬಹುದು. ಜಾಹೀರಾತಿನ ವರ್ಷ ನಂಬಬೇಡ. ಛಾಸಿ ನಂಬರ್ ತರಿಸು, ತಯಾರಾದ ತಿಂಗಳು ಗೊತ್ತಾಗುತ್ತದೆ. ಅದಕ್ಕಿಂತ ಸುಲಭ, ಕೀ ತಿರುಗಿಸಿ ಲಿವರ್ ಒತ್ತಿ ವಿಡಿಯೊ ಕಳಿಸು ಅಂತ ಅವನಿಗೇ ಹೇಳು.

ಅಣ್ಣ: ಕೇಳಿದ್ದೇನೆ. ಉತ್ತರ ಬಂದ ಮೇಲೆ ಹಾಕುತ್ತೇನೆ.

ಭಾವ: ಅಷ್ಟರಲ್ಲಿ ನನ್ನದೂ ಒಂದು ಮಾತು. ದೂರದ ಪ್ರಯಾಣವೇ ಬೇಕಿದ್ದರೆ ಯಮಹಾ ಎಫ್‌ಜೆಆರ್1300 ಯಾಕೆ ಬೇಡ? ಅದಕ್ಕೂ ಹಿಂದಿನ ಚಕ್ರ ತಿರುಗಿಸಲು ಶಾಫ್ಟ್ ಇದೆ, ಚೈನ್ ಗೋಳಿಲ್ಲ. ವಾಲ್ವ್ ನೋಡಿಸುವುದು 42,000 ಕಿ.ಮೀ.ಗೊಮ್ಮೆ. ನಿನ್ನ ಬಿಎಂಡಬ್ಲ್ಯೂಗೆ 10,000ಕ್ಕೊಮ್ಮೆ.

ಅಣ್ಣ: ಹೌದು, ಆದರೆ ಯಮಹಾದಲ್ಲಿ ಎಂಜಿನ್ ಹೆಡ್ ತಲುಪಲು ಟ್ಯಾಂಕ್, ಪ್ಲಾಸ್ಟಿಕ್ ಎಲ್ಲ ಬಿಚ್ಚಬೇಕು. ಬಾಕ್ಸರಿನಲ್ಲಿ ಎರಡು ಸಿಲಿಂಡರ್ ಎರಡು ಕಡೆ ಹೊರಗೇ ಚಾಚಿವೆ. ಮುಚ್ಚಳ ತೆಗೆದು ನಾನೇ ಮನೆಯಲ್ಲಿ ಮಾಡಬಹುದು.

ಅಕ್ಕ: ನೀನಾ? ಸೈಕಲ್ ಪಂಕ್ಚರ್‌ಗೂ ಅಂಗಡಿಗೆ ಹೋಗುತ್ತಿದ್ದೆಯಲ್ಲೋ.

ತಮ್ಮ: ಅಣ್ಣ, ಯೂರೋಪಿನದೇ ಬೇಕಿದ್ದರೆ ಡುಕಾಟಿ ಎಸ್‌ಟಿ ನೋಡು. ಎಷ್ಟು ಚೆಂದ ಇದೆ.

ಮಾವ: ಚೆಂದಕ್ಕೇನೂ ಕಮ್ಮಿಯಿಲ್ಲ. ಅದರಲ್ಲಿ ವಾಲ್ವ್ ತೆರೆದು ಮುಚ್ಚಿಸುವ ಟೈಮಿಂಗ್ ಬೆಲ್ಟ್ ಇರುತ್ತದೆ. ಓಡಿಸಲಿ ಬಿಡಲಿ, ಎರಡು ವರ್ಷಕ್ಕೊಮ್ಮೆ ಬದಲಿಸಬೇಕು. ಬೆಲ್ಟ್ ಹರಿದರೆ ಪಿಸ್ಟನ್ ಹೋಗಿ ವಾಲ್ವಿಗೆ ಹೊಡೆಯುತ್ತದೆ. ನಿಂತ ಡುಕಾಟಿ ತಂದರೆ ಮೊದಲು ಬೆಲ್ಟ್, ಆಮೇಲೆ ಸ್ಟಾರ್ಟ್.

ಅಣ್ಣ: ಡುಕಾಟಿ ಬೇಡ. ಆರ್‌ಟಿ ಬಗ್ಗೆಯೇ ಮಾತಾಡೋಣ. ಅವಳು ಕೇಳಿದ ಎರಡನೇ ಪ್ರಶ್ನೆ, ದಾರಿಯಲ್ಲಿ ನಿಲ್ಲಿಸುವ ತೊಂದರೆಗಳು. ನಾನೇ ಹೇಳುತ್ತೇನೆ, ಮುಚ್ಚಿಟ್ಟ ಅನ್ನಬೇಡಿ. ಕೀ ಹಾಕುವ ಜಾಗದ ಸುತ್ತ ಒಂದು ಉಂಗುರದಂಥ ಆಂಟೆನಾ ಇದೆ. ಕೀಯೊಳಗಿನ ಚಿಪ್ ಓದುವುದು ಅದೇ. ಅದು ಸತ್ತರೆ ಡಿಸ್‌ಪ್ಲೇಯಲ್ಲಿ ಇಡಬ್ಲ್ಯೂಎಸ್ ಅಂತ ಬರುತ್ತದೆ, ಗಾಡಿ ಸ್ಟಾರ್ಟೇ ಆಗುವುದಿಲ್ಲ. ಆ ಕಾಲದ ಬಿಎಂಡಬ್ಲ್ಯೂಗಳಲ್ಲಿ ಇದು ಎಲ್ಲರಿಗೂ ಗೊತ್ತಿರುವ ಕಾಯಿಲೆ. ಚಿಕ್ಕ ಸಾಮಾನು, ಒಂದು ಹೆಚ್ಚಿಗೆ ತಂದು ಸೀಟ್ ಕೆಳಗೆ ಇಟ್ಟುಕೊಳ್ಳುತ್ತೇನೆ. ಇನ್ನೊಂದು, ಪೆಟ್ರೋಲ್ ಎಷ್ಟಿದೆ ಅಂತ ಅಳೆಯುವ ಪಟ್ಟಿ. ಅದೂ ಕೈಕೊಡುತ್ತಿರುತ್ತದೆ. 27 ಲೀಟರ್ ಟ್ಯಾಂಕ್, ಟ್ರಿಪ್ ಮೀಟರ್ ನೋಡಿಕೊಂಡು ಹಾಕಿಸಿದರೆ ಆಯಿತು.

ಅತ್ತಿಗೆ: ಎರಡನೇ ಕೀ ಇದೆಯಾ ಕೇಳಿದಿರಾ?

ಅಣ್ಣ: ಇಲ್ಲ. ಕೇಳುತ್ತೇನೆ.

ಅತ್ತಿಗೆ: ಕೀಯಲ್ಲಿ ಚಿಪ್ ಇದೆ ಅಂತ ನೀವೇ ಹೇಳಿದಿರಿ. ಇರುವ ಒಂದನ್ನೂ ಕಳೆದರೆ ಅಂಗಡಿಯಲ್ಲಿ ಕೊರೆಸಿಕೊಂಡು ಬರಲು ಆಗುತ್ತದಾ?

ಭಾವ: ಮಾವ, ಹಿಂದಿನ ಚಕ್ರದ ವಿಷಯ ಬಿಟ್ಟುಹೋಯಿತು. ಫೈನಲ್ ಡ್ರೈವ್.

ಮಾವ: ಬಿಟ್ಟಿಲ್ಲ, ಅಲ್ಲಿಗೇ ಬರುತ್ತಿದ್ದೆ. ಶಾಫ್ಟ್ ಬಂದು ಚಕ್ರಕ್ಕೆ ಸೇರುವ ಡಬ್ಬಿ ಅದು. ಅದರೊಳಗಿನ ದೊಡ್ಡ ಬೇರಿಂಗ್ ಈ ಪೀಳಿಗೆಯಲ್ಲಿ ಸಾಕಷ್ಟು ಜನರಿಗೆ ಹೋಗಿದೆ. ಮೊದಲು ಕಂಪನಿ, ಅದರ ಆಯಿಲ್ ಗಾಡಿ ಇರುವಷ್ಟು ಕಾಲ ಬದಲಿಸಬೇಕಿಲ್ಲ ಅಂತ ಹೇಳಿತ್ತು. ಆಮೇಲೆ ಅವರೇ ಮಾತು ಬದಲಿಸಿ 20,000 ಕಿ.ಮೀ.ಗೊಮ್ಮೆ ಅಂದರು. ಮೊದಲಿನ ಮಾತು ನಂಬಿದವರ ಗಾಡಿಯಲ್ಲಿ ಇವತ್ತಿಗೂ ಕಾರ್ಖಾನೆಯ ಆಯಿಲ್ಲೇ ಇರಬಹುದು. ನೋಡುವ ರೀತಿ ಇಷ್ಟೇ. ಸೆಂಟರ್ ಸ್ಟ್ಯಾಂಡ್ ಹಾಕಿ ಹಿಂದಿನ ಚಕ್ರವನ್ನು ಮೇಲೊಂದು ಕೈ ಕೆಳಗೊಂದು ಕೈ ಹಿಡಿದು ಅಲ್ಲಾಡಿಸು. ಲೊಡಲೊಡ ಅಂದರೆ ಬೇಡ. ಗೇರ್ ನ್ಯೂಟ್ರಲ್ ಮಾಡಿ ಚಕ್ರ ತಿರುಗಿಸು, ಕೈಗೆ ಒರಟು ಅನಿಸಬಾರದು. ಚಕ್ರದ ಒಳಗಡೆ ಆಯಿಲ್ ಜಿನುಗಿದ ಗುರುತಿರಬಾರದು. ಮಾರುವವನು ಒಪ್ಪಿದರೆ ಆಯಿಲ್ ಇಳಿಸಿ ನೋಡು. ಬೋಲ್ಟಿನ ಆಯಸ್ಕಾಂತಕ್ಕೆ ಬೂದು ಬಣ್ಣದ ಮೆತ್ತನೆಯ ಪುಡಿ ಅಂಟಿದ್ದರೆ ಸಹಜ. ಲೋಹದ ಚಕ್ಕೆ ಸಿಕ್ಕರೆ ನಮಸ್ಕಾರ ಹೇಳಿ ಬಾ.

ಭಾವ: ಫ್ಲಾಂಜ್ ರೀಕಾಲ್ ಕೂಡ ಇದೆ, ಅಂದರೆ ಕಂಪನಿಯೇ ಗಾಡಿಗಳನ್ನು ಕರೆಸಿ ಸರಿ ಮಾಡಿಕೊಟ್ಟಿತ್ತು. 2015ರಲ್ಲಿ. ಚಕ್ರದ ಬೋಲ್ಟ್ ಅತಿಯಾಗಿ ಬಿಗಿ ಮಾಡಿದರೆ ಚಕ್ರ ಕೂರುವ ಅಲ್ಯೂಮಿನಿಯಂ ಫ್ಲಾಂಜ್ ಬಿರುಕು ಬಿಡುತ್ತಿತ್ತು. ಉಕ್ಕಿನದು ಹಾಕಿಕೊಟ್ಟರು. ಈ ಗಾಡಿಗೆ ಆಗಿದೆಯಾ ಅಂತ ಛಾಸಿ ನಂಬರ್ ಕೊಟ್ಟರೆ ಬಿಎಂಡಬ್ಲ್ಯೂ ಸರ್ವಿಸ್‌ನವರು ಹೇಳುತ್ತಾರೆ.

ಅಮ್ಮ: ಚಕ್ರ ಬಿರುಕು ಬಿಡುವ ಗಾಡಿ ಯಾಕಪ್ಪಾ ನಿನಗೆ?

ಅಣ್ಣ: ಅಮ್ಮ, ಚಕ್ರ ಅಲ್ಲ. ರಿಪೇರಿ ಮಾಡಿಕೊಟ್ಟಿದ್ದಾರೆ ಅದನ್ನು.

ಅಮ್ಮ: ಈ ಗಾಡಿಗೆ ಮಾಡಿಕೊಟ್ಟಿದ್ದಾರಾ ಅಂತ ತಾನೇ ನಿನ್ನ ಭಾವ ಕೇಳುತ್ತಿರುವುದು?

ನಾನು: ಅಮ್ಮ ಎಲ್ಲ ಓದುತ್ತಿದ್ದಾರೆ, ಹುಷಾರ್.

ಅಣ್ಣ: ಸರಿ, ಮೂರನೆಯದು ದುಡ್ಡಿನ ವಿಷಯ. ಇದರಲ್ಲಿ ಒಣ ಕ್ಲಚ್ ಇದೆ, ಅಂದರೆ ಆಯಿಲಿನಲ್ಲಿ ಮುಳುಗಿರುವುದಿಲ್ಲ. ಪ್ಲೇಟ್ ಬದಲಿಸಲು ಹಿಂದಿನ ಅರ್ಧ ಗಾಡಿ ಬಿಚ್ಚಿ ಗೇರ್‌ಬಾಕ್ಸ್ ಸರಿಸಬೇಕು. ಸೀಲ್ ಸೋರಿ ಆಯಿಲ್ ಕ್ಲಚ್ ಮೇಲೆ ಬಿದ್ದರೂ ಅದೇ ಕೆಲಸ. ಪ್ಲಾಸ್ಟಿಕ್ ಜಾಸ್ತಿ, ನಿಂತಲ್ಲೇ ವಾಲಿದರೂ ಒಡೆಯುತ್ತದೆ. ಆದರೆ ಕನ್ನಡಿಗಳು ಬಿದ್ದಾಗ ಕಳಚಿಕೊಳ್ಳುವ ಹಾಗೇ ಮಾಡಿದ್ದಾರೆ, ಮತ್ತೆ ಒತ್ತಿ ಕೂರಿಸಬಹುದು. ನೋಡಿ, ಒಳ್ಳೆಯದನ್ನೂ ಹೇಳಬೇಕು.

ಭಾವ: ಎಬಿಎಸ್ ಯೂನಿಟ್ ಹೋದರೆ? ಹೊಸದು ಹಾಕಿಸುವ ಬದಲು ಇನ್ನೊಂದು ಹಳೇ ಗಾಡಿಯನ್ನೇ ಕೊಳ್ಳೋಣ ಅನಿಸುತ್ತದೆ. ಅಗ್ಗಕ್ಕೆ ಬಂದ ದೊಡ್ಡ ಗಾಡಿಗೆ ಸ್ಪೇರ್ ಮಾತ್ರ ಅಗ್ಗಕ್ಕೆ ಬರುವುದಿಲ್ಲ. ಹೊಸದಾಗಿದ್ದಾಗ ಅದು ಯಾವ ಮಟ್ಟದ ಗಾಡಿಯೋ, ಸ್ಪೇರ್ ಇವತ್ತಿಗೂ ಅದೇ ಮಟ್ಟದ್ದು.

ಅಣ್ಣ: ವಿಡಿಯೊ ಬಂತು.

[ಅಣ್ಣ ಒಂದು ವಿಡಿಯೊ ಹಂಚಿಕೊಂಡಿದ್ದಾನೆ]

ಮಾವ: ಗುಂಯ್ ಅನ್ನುತ್ತಿದೆ.

ತಮ್ಮ: ನನಗೂ ಕೇಳಿಸಿತು. ಸರ್ವೋನೇ.

ಅಣ್ಣ: ಕೇಳಿಸಿತು ಕಣ್ರೀ. ಸರ್ವಿಸ್ ಪುಸ್ತಕ ಮನೆ ಬದಲಿಸುವಾಗ ಕಳೆದುಹೋಯಿತು ಅಂತೆ. ಕೀ ಒಂದೇ. ಛಾಸಿ ನಂಬರ್ ಗಾಡಿ ನೋಡಲು ಬಂದಾಗ ಕೊಡುತ್ತೇನೆ ಅಂದ.

ಅಕ್ಕ: ಗಾಡಿ ಮೇಲೆ ಸಾಲ ಬಾಕಿ ಇದೆಯೋ ಏನೋ. ನಂಬರ್ ಕೊಡಲು ಯಾಕೆ ಹಿಂದೆಮುಂದೆ ನೋಡಬೇಕು?

ಅತ್ತಿಗೆ: ರೀ, ನನ್ನ ಮೊದಲ ಪ್ರಶ್ನೆಗೆ ಉತ್ತರ ಸಿಕ್ಕಿತು. ಬ್ರೇಕ್ ಸರ್ವೋದ್ದು, ಆಯಿಲ್ ಯಾವಾಗ ಬದಲಿಸಿದ್ದು ಅಂತ ದಾಖಲೆ ಇಲ್ಲ, ಟೈರ್ 2014ರದ್ದು. ಆಂಟೆನಾ ಕೆಟ್ಟರೆ ರಸ್ತೆ ಬದಿ ಕೂತು ಮಾತಾಡುತ್ತಾ ಇರೋಣ, ನನಗೆ ಬೇಸರವಿಲ್ಲ. ಬ್ರೇಕ್ ವಿಷಯದಲ್ಲಿ ನಾನು ಒಪ್ಪುವುದಿಲ್ಲ. ಈ ಗಾಡಿ ತಂದರೆ ನೀವೊಬ್ಬರೇ ಹೋಗಿ ಬನ್ನಿ.

ಅಣ್ಣ: ಒಬ್ಬನೇ ಹೋಗಲು ಇಷ್ಟು ದೊಡ್ಡ ಗಾಡಿ ಯಾಕೆ...

ತಮ್ಮ: ಅಣ್ಣ, ಹಾಗಾದರೆ ಇದನ್ನು ನೋಡು.

[ತಮ್ಮ ಇನ್ನೊಂದು ಜಾಹೀರಾತು ಹಂಚಿಕೊಂಡಿದ್ದಾನೆ]

ತಮ್ಮ: ಅದೇ ಆರ್1200ಆರ್‌ಟಿ, 2008ರದ್ದು. 94,000 ಕಿ.ಮೀ. ಆಗಿದೆ. ಆದರೆ ಎಲ್ಲ ಬಿಲ್ಲಿನ ಫೋಟೊ ಹಾಕಿದ್ದಾರೆ. ಫ್ಲಾಂಜ್ ಬದಲಿಸಿದ ಚೀಟಿಯೂ ಇದೆ.

ಅಣ್ಣ: 94,000!

ಮಾವ: ಇದು ಗಾಡಿ. ಬಿಲ್ಲುಗಳನ್ನು ಓದಿದೆ. ಫೈನಲ್ ಡ್ರೈವ್ ಆಯಿಲ್ ಮೂರು ಸಲ ಬದಲಾಗಿದೆ, ಬ್ರೇಕ್ ಆಯಿಲ್ ತಪ್ಪದೆ ಎರಡೆರಡು ವರ್ಷಕ್ಕೆ. ಸರ್ವೋ ಇಲ್ಲದ ಬ್ರೇಕ್. ಕ್ಲಚ್ ಬದಲಿಸಿದ ಬಿಲ್ ಕಾಣಲಿಲ್ಲ, ಅದೊಂದು ಕೇಳಬೇಕು. ಹತ್ತುವ ದಾರಿಯಲ್ಲಿ ದೊಡ್ಡ ಗೇರಿನಲ್ಲಿ ಆಕ್ಸಿಲರೇಟರ್ ತಿರುಗಿಸಿ ನೋಡಿದರೆ ಜಾರುತ್ತಿದೆಯಾ ಇಲ್ಲವಾ ಗೊತ್ತಾಗುತ್ತದೆ.

ಭಾವ: ನಾನು ಈಗಲೂ ಯಮಹಾ ಅಂತಲೇ ಹೇಳುತ್ತೇನೆ. ಆದರೆ ಎರಡರಲ್ಲಿ ಒಂದು ಅಂದರೆ ಇದೇ.

ಅಕ್ಕ: ಹಳೇ ಗಾಡಿ ಬೇಡ ಅಂದರೆ ಮೂರು ಪಟ್ಟು ಓಡಿದ ಗಾಡಿ ಹುಡುಕಿದ್ದೀರಿ. ಭೇಷ್.

ಅಣ್ಣ: ಒಂದು ಲಕ್ಷದ ಹತ್ತಿರ ಬಂದ ಗಾಡಿಯನ್ನು ನಾಳೆ ಮಾರಲು ಹೋದರೆ ಯಾರು ತೆಗೆದುಕೊಳ್ಳುತ್ತಾರೆ?

ಭಾವ: ಬಿಲ್ಲು ಇಟ್ಟುಕೊಂಡಿದ್ದರೆ ನಿನ್ನಂಥವನೇ ಒಬ್ಬ ತೆಗೆದುಕೊಳ್ಳುತ್ತಾನೆ. ಅವನ ಮನೆ ಗುಂಪಿನಲ್ಲೂ ಹೀಗೇ ಜಗಳ ಆಗುತ್ತದೆ.

ಅತ್ತಿಗೆ: ಸೀಟ್ ಹೇಗಿದೆ ಅಂತ ನಾನು ಕೂತು ನೋಡಬೇಕು. ನೋಡಲು ಹೋಗುವಾಗ ನಾನೂ ಬರುತ್ತೇನೆ.

ಮಾವ: ನಾನೂ ಬರುತ್ತೇನೆ. ದೋಷದ ಕೋಡ್ ಓದುವ ಜಿಎಸ್-911 ಯಾರ ಬಳಿಯಾದರೂ ಇದ್ದರೆ ಎರವಲು ತೆಗೆದುಕೊಳ್ಳಿ. ಮತ್ತೆ ಅವನಿಗೆ ಮೊದಲೇ ಹೇಳು, ನಾವು ಬರುವ ಮುಂಚೆ ಗಾಡಿ ಸ್ಟಾರ್ಟ್ ಮಾಡಿಡಬಾರದು ಅಂತ. ಹೋದ ಕೂಡಲೇ ಸಿಲಿಂಡರ್ ಮುಟ್ಟಿ ನೋಡುತ್ತೇನೆ, ಬೆಚ್ಚಗಿದ್ದರೆ ಯಾಕೆ ಅಂತ ಕೇಳುತ್ತೇನೆ.

ಅಣ್ಣ: ಸರಿ. ಮೊದಲಿನವನಿಗೆ ಬೇಡ ಅಂತ ಬರೆದೆ. ಎರಡನೆಯವನಿಗೆ ಛಾಸಿ ನಂಬರ್ ಕೇಳಿದೆ, ತಕ್ಷಣ ಕಳಿಸಿದ.

ಭಾವ: ಇಲ್ಲಿ ಹಾಕಬೇಡ, ನನಗೆ ಬೇರೆಯಾಗಿ ಕಳಿಸು. ರೀಕಾಲ್ ಎಲ್ಲ ಮುಗಿದಿದೆಯಾ ಅಂತ ನಾನು ವಿಚಾರಿಸುತ್ತೇನೆ.

ಅಮ್ಮ: ಹೆಲ್ಮೆಟ್ ಹೊಸದು ತೆಗೆದುಕೊಳ್ಳಿ ಇಬ್ಬರೂ. ಅದನ್ನೂ ಸೆಕೆಂಡ್ ಹ್ಯಾಂಡ್ ನೋಡಬೇಡಿ.