ಬೆಟ್ಟ ಹತ್ತುವಾಗ ಏನೂ ಇಲ್ಲ, ಇಳಿಯುವಾಗ ಮಂಡಿ ನೋವು: 46ನೇ ವಯಸ್ಸಿಗೆ ಯಾವ ಅಭ್ಯಾಸ ಸರಿ?

ಅಮಾನಿಕೆರೆ_ನಡಿಗೆ
ಎಲ್ಲರಿಗೂ ನಮಸ್ಕಾರ. ವಯಸ್ಸು 46, ತೂಕ 78 ಕೆಜಿ, ಕೂತು ಮಾಡುವ ಕೆಲಸ. ವಾರಕ್ಕೆ ಐದು ದಿನ ತುಮಕೂರಿನ ಅಮಾನಿಕೆರೆಯಲ್ಲಿ 40 ನಿಮಿಷ ನಡಿಗೆ, ಭಾನುವಾರ ಸಿದ್ಧಗಂಗೆ ಬೆಟ್ಟದ ಮೆಟ್ಟಿಲು. ಹತ್ತುವಾಗ ಏದುಸಿರು ಬಂದರೂ ತೊಂದರೆಯಿಲ್ಲ. ಇಳಿಯುವಾಗ ಮಾತ್ರ ಎರಡೂ ಮಂಡಿಚಿಪ್ಪಿನ ಸುತ್ತ ನೋವು. ಊತ ಇಲ್ಲ, ಮಂಗಳವಾರದ ಹೊತ್ತಿಗೆ ಹೋಗುತ್ತದೆ. ಸಕ್ಕರೆ ಕಾಯಿಲೆ ಇಲ್ಲ, ಬಿಪಿಗೆ ದಿನಕ್ಕೊಂದು ಮಾತ್ರೆ ಇದೆ.
ಮೂರು ಪ್ರಶ್ನೆ. ಬೆಟ್ಟ ಬಿಟ್ಟುಬಿಡಬೇಕೇ? ಎಷ್ಟೇ ಬಿರುಸಾಗಿ ಹತ್ತಿದರೂ ಕೈಗಡಿಯಾರದಲ್ಲಿ ನಾಡಿಮಿಡಿತ 110 ದಾಟುವುದಿಲ್ಲ, ಇದು ಸರಿಯೇ? ಪಾರ್ಕಿನ ಓಪನ್ ಜಿಮ್ ಉಪಕರಣಗಳಷ್ಟೇ ಸಾಕೇ?

ಶತಶೃಂಗ_ಕೋಲಾರ
ಬೆಟ್ಟ ಬಿಡಬೇಡಿ ಸರ್. ಇಳಿಯುವುದನ್ನು ಮಾತ್ರ ಕೆಲವು ವಾರ ಕಡಿಮೆ ಮಾಡಿ.

ಹತ್ತುವಾಗ ತೊಡೆಯ ಮುಂಭಾಗದ ಸ್ನಾಯು ಕುಗ್ಗುತ್ತಾ ದೇಹವನ್ನು ಎತ್ತುತ್ತದೆ. ಇಳಿಯುವಾಗ ಅದೇ ಸ್ನಾಯು ಹಿಗ್ಗುತ್ತಾ ಬ್ರೇಕ್ ಹಾಕಬೇಕು. ಆ ಹೊತ್ತಿಗೆ ಮಂಡಿ ಮಡಚಿರುವುದರಿಂದ ಚಿಪ್ಪು ಅದರ ಹಿಂದಿರುವ ತೊಡೆಮೂಳೆಗೆ ಒತ್ತುತ್ತದೆ. ಕೆರೆ ಏರಿಯ ಸಮತಟ್ಟು ನಡಿಗೆಯಲ್ಲಿ ಈ ಬ್ರೇಕಿನ ಕೆಲಸ ಬಹಳ ಕಡಿಮೆ. ಹಾಗಾಗಿ ಐದು ದಿನ ನಡೆದರೂ ಆರನೇ ದಿನದ ಇಳಿತಕ್ಕೆ ಕಾಲು ತಯಾರಾಗಿರುವುದಿಲ್ಲ. ದಮ್ಮು ಸಾಕಷ್ಟಿದೆ, ತೊಡೆಯಲ್ಲಿ ಬಲ ಸಾಲದು.

ಮನೆಯ ಮೆಟ್ಟಿಲಲ್ಲೇ ಇದನ್ನು ಅಭ್ಯಾಸ ಮಾಡಿ. ಸುಮಾರು 15 ಸೆಂ.ಮೀ. ಎತ್ತರದ ಮೆಟ್ಟಿಲ ಅಂಚಿಗೆ ಒಂಟಿ ಕಾಲಲ್ಲಿ ನಿಂತು, ಗೋಡೆಗೆ ಬೆರಳು ತಾಕಿಸಿಕೊಳ್ಳಿ. ನಿಂತ ಕಾಲಿನ ಮಂಡಿಯನ್ನು ನಿಧಾನವಾಗಿ ಮಡಚುತ್ತಾ, ನಾಲ್ಕು ಎಣಿಸುವಷ್ಟು ಹೊತ್ತಿನಲ್ಲಿ ಇನ್ನೊಂದು ಕಾಲಿನ ಹಿಮ್ಮಡಿಯನ್ನು ಮುಂದೆ ಕೆಳಗಿನ ಮೆಟ್ಟಿಲಿಗೆ ತಾಕಿಸಿ. ಅದರ ಮೇಲೆ ಭಾರ ಬಿಡದೆ ವಾಪಸ್ ಮೇಲೆ ಬನ್ನಿ. ಒಂದು ಕಾಲಿಗೆ 8 ಸಲ, ಎರಡು ಸುತ್ತು, ವಾರಕ್ಕೆ ಮೂರು ದಿನ, ನಡುವೆ ಒಂದೊಂದು ದಿನ ಬಿಡುವು. 12 ಸಲದ ಮೂರು ಸುತ್ತು ಸಲೀಸಾದ ಮೇಲೆ 20 ಸೆಂ.ಮೀ. ಮೆಟ್ಟಿಲಿಗೆ ಹೋಗಿ. ಇಲ್ಲಿ ಹೆಚ್ಚಿನವರು ತಪ್ಪುವುದು ಎರಡು ಕಡೆ: ದಡಕ್ಕನೆ ಇಳಿದುಬಿಡುತ್ತಾರೆ, ಆಗ ಸ್ನಾಯುವಿಗೆ ಕೆಲಸವೇ ಇರುವುದಿಲ್ಲ. ಇಲ್ಲವೇ ಮಂಡಿ ಒಳಗಡೆಗೆ, ಹೆಬ್ಬೆರಳ ದಿಕ್ಕಿಗೆ ವಾಲುತ್ತದೆ, ಚಿಪ್ಪು ಓರೆಯಾಗಿ ಉಜ್ಜುತ್ತದೆ. ಮಂಡಿ ಎರಡನೇ ಬೆರಳಿನ ನೇರಕ್ಕೇ ಇರಬೇಕು. ಎದುರಿನಿಂದ ಮೊಬೈಲಲ್ಲಿ ವಿಡಿಯೋ ತೆಗೆಸಿ ನೋಡಿ, ಕನ್ನಡಿಗಿಂತ ಚೆನ್ನಾಗಿ ಗೊತ್ತಾಗುತ್ತದೆ.

ಇದರ ಜೊತೆಗೆ ಗೋಡೆಗೆ ಬೆನ್ನು ಕೊಟ್ಟು ಅರ್ಧ ಕುರ್ಚಿಯಂತೆ ಕೂರುವುದು, 30 ಸೆಕೆಂಡಿನಂತೆ ಐದು ಸಲ. ಮೆಟ್ಟಿಲಂಚಿನಲ್ಲಿ ನಿಂತು ಹಿಮ್ಮಡಿ ಎತ್ತಿ ನಿಧಾನ ಇಳಿಸುವುದು, 12 ಸಲ, ಮೂರು ಸುತ್ತು. ಮೀನಖಂಡ ಗಟ್ಟಿಯಾದರೆ ಇಳಿತದ ಹೊಡೆತವನ್ನು ಒಂದಿಷ್ಟು ಅದೂ ಹೊರುತ್ತದೆ.

ನೋವಿನ ಲೆಕ್ಕ ಹೀಗಿಟ್ಟುಕೊಳ್ಳಿ: ಹತ್ತಕ್ಕೆ ಮೂರರೊಳಗಿದ್ದು ಮರುದಿನ ಬೆಳಿಗ್ಗೆ ಹೋಗಿದ್ದರೆ ಮುಂದುವರಿಸಿ. ಮರುದಿನವೂ ಇದ್ದರೆ ಅರ್ಧಕ್ಕೆ ಇಳಿಸಿ. ಊತ, ಮಂಡಿ ಸಿಕ್ಕಿಹಾಕಿಕೊಳ್ಳುವುದು, ಕಾಲು ಹಠಾತ್ತಾಗಿ ಕುಸಿಯುವುದು ಕಂಡರೆ ವ್ಯಾಯಾಮ ನಿಲ್ಲಿಸಿ ಮೂಳೆ ವೈದ್ಯರಿಗೆ ತೋರಿಸಿ.

ನಂದಿತಪ್ಪಲು
ನಾಡಿಮಿಡಿತದ ಬಗ್ಗೆ. ಮಾತ್ರೆಯ ಹೆಸರು ಹೇಳಿದರೆ ಒಳ್ಳೆಯದು. ಮೆಟೊಪ್ರೊಲಾಲ್, ಅಟೆನೊಲಾಲ್, ಬೈಸೊಪ್ರೊಲಾಲ್, ಹೀಗೆ ಹೆಸರಿನ ಕೊನೆಗೆ ‘ಒಲಾಲ್’ ಇದ್ದರೆ ಅದು ಬೀಟಾ ಬ್ಲಾಕರ್, ಹೃದಯದ ಬಡಿತವನ್ನು ಹಿಡಿದಿಡುವ ಮದ್ದು. 208ರಿಂದ ವಯಸ್ಸಿನ ಶೇ. 70ನ್ನು ಕಳೆದರೆ ಗರಿಷ್ಠ ಬಡಿತದ ಅಂದಾಜು ಸಿಗುತ್ತದೆ. ನಿಮಗೆ ಸುಮಾರು 176. ಆದರೆ ಈ ಮದ್ದು ತಗೊಳ್ಳುವವರಿಗೆ ಆ ಲೆಕ್ಕ ಹೊಂದುವುದಿಲ್ಲ. 130 ಮುಟ್ಟಿಸಲೇಬೇಕು ಎಂದು ಹಟಕ್ಕೆ ಬಿದ್ದು ಓಡುವುದು ಅಪಾಯ.

ಗಡಿಯಾರ ಬಿಟ್ಟು ಉಸಿರು ನೋಡಿ. ಹತ್ತುತ್ತಾ ಪಕ್ಕದವರ ಜೊತೆ ಪೂರ್ತಿ ವಾಕ್ಯ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಅದೇ ಮಧ್ಯಮ ಶ್ರಮ. ಮೂರು ಪದಕ್ಕೆ ಉಸಿರು ಕಟ್ಟಿದರೆ ನಿಂತು, ಸುಧಾರಿಸಿಕೊಂಡು ಹೊರಡಿ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ಹೇಳುವುದು ವಾರಕ್ಕೆ 150ರಿಂದ 300 ನಿಮಿಷದ ಮಧ್ಯಮ ಶ್ರಮ ಮತ್ತು ಎರಡು ದಿನವಾದರೂ ಸ್ನಾಯು ಬಲಪಡಿಸುವ ವ್ಯಾಯಾಮ. ನಿಮ್ಮ ನಡಿಗೆಯೇ 200 ನಿಮಿಷ ಆಯಿತು. ಬಿಟ್ಟುಹೋಗಿರುವುದು ಎರಡನೆಯದು.

ಎದೆ ಬಿಗಿತ, ದವಡೆಗೋ ಎಡತೋಳಿಗೋ ಹರಿಯುವ ನೋವು, ತಣ್ಣನೆ ಬೆವರು, ತಲೆಸುತ್ತು ಬಂದರೆ ಅಲ್ಲೇ ಕೂತು 108ಕ್ಕೆ ಕರೆ ಮಾಡಿ. ಅದನ್ನು ಗ್ಯಾಸ್ಟ್ರಿಕ್ ಅಂದುಕೊಂಡು ನಡೆದು ಇಳಿಯಲು ಹೋಗಬೇಡಿ.

ಅಮಾನಿಕೆರೆ_ನಡಿಗೆ
ಇಬ್ಬರಿಗೂ ಧನ್ಯವಾದ. ಮಾತ್ರೆ ಮೆಟೊಪ್ರೊಲಾಲೇ. ವಿಡಿಯೋದಲ್ಲಿ ಬಲ ಮಂಡಿ ಒಳಕ್ಕೆ ವಾಲುತ್ತಿರುವುದು ಸ್ಪಷ್ಟವಾಗಿ ಕಾಣುತ್ತಿದೆ. ಇದಕ್ಕೆ ಏನು ಮಾಡಬೇಕು? ಮತ್ತೆ ಯಾವಾಗಿನಿಂದ ಪೂರ್ತಿ ಇಳಿಯಬಹುದು?

ನಂದಿತಪ್ಪಲು
ಹಾಗಾದರೆ ಆ 110ಕ್ಕೆ ಮದ್ದೇ ಕಾರಣ ಇರಬಹುದು. ಮುಂದಿನ ಸಲ ವೈದ್ಯರ ಬಳಿ ಹೋದಾಗ ಬೆಟ್ಟ ಹತ್ತುವ ವಿಷಯ ಹೇಳಿ, ಇಸಿಜಿ ಮಾಡಿಸಿಕೊಳ್ಳಿ. ದಯವಿಟ್ಟು ನೀವಾಗಿ ಮಾತ್ರೆ ನಿಲ್ಲಿಸಬೇಡಿ. ಈ ಮದ್ದನ್ನು ಹಠಾತ್ತಾಗಿ ಬಿಟ್ಟರೆ ಬಡಿತ, ಬಿಪಿ ಎರಡೂ ಒಮ್ಮೆಲೇ ಏರಬಹುದು.

ಶತಶೃಂಗ_ಕೋಲಾರ
ಮಂಡಿ ವಾಲುವುದಕ್ಕೆ ಸೊಂಟದ ಪಕ್ಕದ ಸ್ನಾಯು ಸಡಿಲವಾಗಿರುವುದು ಒಂದು ಮುಖ್ಯ ಕಾರಣ, ಕೂತು ಕೆಲಸ ಮಾಡುವವರಲ್ಲಿ ಸಾಮಾನ್ಯ. ಎಡ ಮಗ್ಗುಲಾಗಿ ಮಲಗಿ, ಬಲಗಾಲನ್ನು ನೇರವಾಗಿಟ್ಟು, ಹಿಮ್ಮಡಿ ತುಸು ಹಿಂದಕ್ಕೆ ತಂದು ಮೇಲೆತ್ತಿ. 15 ಸಲ, ಮೂರು ಸುತ್ತು, ಎರಡೂ ಕಾಲಿಗೆ. ಕಾಲು ಮುಂದಕ್ಕೆ ಜಾರಿದರೆ ಬೇರೆ ಸ್ನಾಯು ಕೆಲಸ ಕದಿಯುತ್ತದೆ, ಸೊಂಟಕ್ಕೆ ಏನೂ ಸಿಗುವುದಿಲ್ಲ.

ಬೆಟ್ಟಕ್ಕೆ: ಮೊದಲ ಎರಡು ವಾರ ನಡಿಗೆ ಮತ್ತು ಈ ಅಭ್ಯಾಸ ಮಾತ್ರ. ಮೂರು, ನಾಲ್ಕನೇ ವಾರ ಕಾಲು ಭಾಗ ಹತ್ತಿ ಇಳಿಯಿರಿ. ಐದು, ಆರಕ್ಕೆ ಅರ್ಧ. ಎಂಟನೇ ವಾರದ ಸುಮಾರಿಗೆ ಪೂರ್ತಿ. ನಡುವೆ ಪೂರ್ತಿ ಹತ್ತುವ ಆಸೆಯಾದರೆ ದೇವರಾಯನದುರ್ಗದಂತೆ ಮೇಲಿನವರೆಗೆ ರಸ್ತೆ ಇರುವ ಕಡೆ ನಡೆದು ಹತ್ತಿ, ವಾಹನದಲ್ಲಿ ಇಳಿಯಿರಿ. ಅಲ್ಲಿ ಕಾಡಿನಲ್ಲಿ ಕರಡಿ, ಚಿರತೆ ಇರುವುದರಿಂದ ಬೆಳಕು ಹರಿಯುವ ಮುಂಚೆ ಒಬ್ಬರೇ ಬೇಡ. ಮಧುಗಿರಿಯನ್ನು ಕೊನೆಗೆ ಇಟ್ಟುಕೊಳ್ಳಿ. ಮೇಲ್ಭಾಗದ ಬರೀ ಬಂಡೆಯ ಇಳಿಜಾರಿನಲ್ಲಿ ತೊಡೆ ಸೋತರೆ ಹಿಡಿತವೂ ಹೋಗುತ್ತದೆ, ಮಳೆ ಬಿದ್ದ ದಿನವಂತೂ ಹೋಗಲೇಬೇಡಿ.

ಇಳಿಯುವಾಗ ಸಣ್ಣ ಹೆಜ್ಜೆ, ಮಂಡಿ ಸೆಟೆಸದೆ ತುಸು ಮಡಚಿರಲಿ. ಎತ್ತರದ ಮೆಟ್ಟಿಲಿದ್ದರೆ ಅಡ್ಡವಾಗಿ ತಿರುಗಿ ಇಳಿಯಿರಿ. ಕೋಲು ಹಿಡಿಯಲು ಸಂಕೋಚ ಬೇಡ. ಸಮತಟ್ಟಿನಲ್ಲಿ ಮೊಣಕೈ ಲಂಬಕೋನಕ್ಕೆ ಬರುವ ಉದ್ದ, ಇಳಿತಕ್ಕೆ 5ರಿಂದ 10 ಸೆಂ.ಮೀ. ಹೆಚ್ಚು. ಮೊದಲು ಕೋಲು ಕೆಳಗಿನ ಮೆಟ್ಟಿಲಿಗೆ, ಆಮೇಲೆ ಕಾಲು.

ಮಧುಗಿರಿ_ಮೆಟ್ಟಿಲು
ಓಪನ್ ಜಿಮ್ ಬಗ್ಗೆ ಯಾರೂ ಹೇಳಲಿಲ್ಲ. ಕಾಲು ತೂಗುವ, ಸೊಂಟ ತಿರುಗಿಸುವ ಉಪಕರಣಗಳು ಮೈ ಬಿಸಿ ಮಾಡಲು ಸರಿ, ಬಲಕ್ಕೆ ಸಾಲವು. ಹೆಚ್ಚಿನವುಗಳಲ್ಲಿ ಭಾರ ಏರಿಸಲು ಬರುವುದಿಲ್ಲ, ಒಂದು ತಿಂಗಳಲ್ಲಿ ದೇಹ ಒಗ್ಗಿಹೋಗುತ್ತದೆ. ಅದಕ್ಕಿಂತ ಪಾರ್ಕಿನ ಕಲ್ಲುಬೆಂಚು ಮೇಲು. ಬೆಂಚಿನ ಅಂಚಿಗೆ ಕೈಯೂರಿ ದಂಡ ಹೊಡೆಯಿರಿ, 8 ಸಲದಿಂದ ಶುರು. ಬೆಂಚಿಗೆ ಕೂತೂ ಕೂರದಂತೆ ಬಸ್ಕಿ, 10 ಸಲ, ಮೂರು ಸುತ್ತು. ಹಗುರ ಅನ್ನಿಸಿದ ದಿನ ಬೆನ್ನಿನ ಬ್ಯಾಗಿಗೆ ಎರಡು ಲೀಟರ್ ನೀರಿನ ಬಾಟಲಿ, ಆಮೇಲೆ ನಾಲ್ಕು. ಮನೆಯವರನ್ನೂ ಜೊತೆಗೆ ಸೇರಿಸಿಕೊಳ್ಳಿ. ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಮೂಳೆ ಬೇಗ ಸವೆಯುತ್ತದೆ, ಭಾರ ಹೊರುವ ವ್ಯಾಯಾಮ ಹೆಂಗಸರಿಗೆ ಇನ್ನೂ ಹೆಚ್ಚು ಬೇಕು.

ಊಟ. ನಿಮ್ಮ ತೂಕಕ್ಕೆ ದಿನಕ್ಕೆ ಕನಿಷ್ಠ 65 ಗ್ರಾಂ ಪ್ರೋಟೀನ್, ಬಲದ ವ್ಯಾಯಾಮ ಮಾಡುವಾಗ 80ರ ಹತ್ತಿರ. ಮುದ್ದೆ ಒಳ್ಳೆಯದೇ, ಆದರೆ 100 ಗ್ರಾಂ ರಾಗಿಹಿಟ್ಟಿನಲ್ಲಿ ಇರುವುದು ಸುಮಾರು 7 ಗ್ರಾಂ. ಮುದ್ದೆಗೆ ತಿಳಿಸಾರು ಸಾಲದು, ಕಾಳು ಗಟ್ಟಿಯಾಗಿರಲಿ: 50 ಗ್ರಾಂ ಹುರುಳಿಕಾಳಿಗೆ 11 ಗ್ರಾಂ, ಎರಡು ಮೊಟ್ಟೆಗೆ 12, ಅರ್ಧ ಲೀಟರ್ ಹಾಲಿಗೆ 16.

ಶೂ ಸಂಜೆ ಹೊತ್ತು ಕೊಳ್ಳಿ, ಪಾದ ಆಗ ತುಸು ಊದಿರುತ್ತದೆ. ಬೆರಳ ಮುಂದೆ ಹೆಬ್ಬೆರಳಗಲ ಜಾಗ ಬೇಕು. ಇಳಿಯುವ ಮುಂಚೆ ಲೇಸನ್ನು ಕಣಕಾಲಿನ ಹತ್ತಿರ ಬಿಗಿ ಮಾಡಿ, ಇಲ್ಲದಿದ್ದರೆ ಪಾದ ಮುಂದಕ್ಕೆ ಜಾರಿ ಉಗುರು ಕಪ್ಪಾಗುತ್ತದೆ.

ನಮ್ಮ ಕಡೆಯವರಿಗೆ ಇನ್ನೊಂದು ಮಾತು. ಪಾವಗಡ, ಬಾಗೇಪಲ್ಲಿ ಸೀಮೆಯಲ್ಲಿ ವರ್ಷಗಟ್ಟಲೆ ಬೋರ್‌ವೆಲ್ ನೀರು ಕುಡಿದವರಿಗೆ ಮಂಡಿಯ ಜೊತೆ ಕುತ್ತಿಗೆ, ಬೆನ್ನೂ ಬಿಗಿಯುತ್ತಿದ್ದರೆ ವ್ಯಾಯಾಮದ ನೋವು ಅಂದುಕೊಂಡು ಸುಮ್ಮನಿರಬೇಡಿ. ಫ್ಲೋರೈಡ್ ಇರಬಹುದು. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರು ಕುಡಿಯಲು ಬಾರದು, ಕಾಯಿಸಿದರೂ ಅದು ಹೋಗುವುದಿಲ್ಲ. ನೀರು ಪರೀಕ್ಷೆ ಮಾಡಿಸಿ, ವೈದ್ಯರಿಗೂ ಅದನ್ನು ಹೇಳಿ.